ಶಾಲೆಯ ಹೆಸರಿಲ್ಲದ ಮಕ್ಕಳಿಗೂ ಬಾಗಿಲು ತೆರೆಯಿರಿ: ಮ್ಯೂಸಿಯಂ, ಲೈಬ್ರರಿಗಳ ಮುಖ್ಯಸ್ಥರಿಗೆ ಒಂದು ಬಹಿರಂಗ ಪತ್ರ

ಮ್ಯೂಸಿಯಂ, ವಿಜ್ಞಾನ ಕೇಂದ್ರ, ಸಾರ್ವಜನಿಕ ಗ್ರಂಥಾಲಯ ಮತ್ತು ಸಸ್ಯೋದ್ಯಾನಗಳ ಮುಖ್ಯಸ್ಥರಿಗೆ,

ವಿಷಯ: ಮನೆಯಲ್ಲೇ ಕಲಿಯುವ ಮಕ್ಕಳಿಗೆ ನಿಮ್ಮ ಕಾರ್ಯಾಗಾರ, ಸದಸ್ಯತ್ವ ಮತ್ತು ಸ್ಪರ್ಧೆಗಳಲ್ಲಿ ಅವಕಾಶ ಕೊಡುವ ಬಗ್ಗೆ

ಮಾನ್ಯರೇ,

ನಾನು ಇಬ್ಬರು ಮಕ್ಕಳ ತಾಯಿ. ಮಗಳಿಗೆ 11 ವರ್ಷ, ಮಗನಿಗೆ 7. ಮೂರು ವರ್ಷದ ಹಿಂದೆ ಮಗಳನ್ನು ಶಾಲೆಯಿಂದ ಬಿಡಿಸಿದೆವು. ಮಗನನ್ನು ಸೇರಿಸಲೇ ಇಲ್ಲ. ಇಬ್ಬರೂ ಮನೆಯಲ್ಲಿ ಕಲಿಯುತ್ತಾರೆ. ಮನೆಯಲ್ಲಿ ಅಂತ ಹೇಳುವುದು ರೂಢಿಯ ಮಾತು ಅಷ್ಟೇ. ಅವರು ಜಾಸ್ತಿ ಕಲಿಯುವುದು ಮನೆಯ ಹೊರಗೆ. ಅದಕ್ಕೇ ಈ ಪತ್ರವನ್ನು ಶಿಕ್ಷಣ ಇಲಾಖೆಗೆ ಬರೆಯದೆ ನಿಮಗೆ ಬರೆಯುತ್ತಿದ್ದೇನೆ.

ಕಳೆದ ತಿಂಗಳು ಒಂದು ಮಂಗಳವಾರ ಬೆಳಿಗ್ಗೆ ನಾವು ನಾಲ್ಕು ಮನೆಯವರು, ಒಟ್ಟು 9 ಮಕ್ಕಳನ್ನು ಕರೆದುಕೊಂಡು ಒಂದು ಮ್ಯೂಸಿಯಂಗೆ ಹೋದೆವು. ಅವತ್ತು ಅಲ್ಲಿ ಪಳೆಯುಳಿಕೆಗಳ ಕಾರ್ಯಾಗಾರ ಇತ್ತು. ನಿಜವಾದ ಪಳೆಯುಳಿಕೆಯನ್ನು ಕೈಯಲ್ಲಿ ಹಿಡಿದು ನೋಡಬಹುದು, ಜೇಡಿಮಣ್ಣಿನಲ್ಲಿ ಅದರ ಅಚ್ಚು ತೆಗೆದು ಪ್ಲಾಸ್ಟರ್ ಸುರಿದು ತಮ್ಮದೇ ಒಂದು ಪ್ರತಿ ಮಾಡಿಕೊಂಡು ಹೋಗಬಹುದು ಅಂತ ಫಲಕದಲ್ಲಿ ಬರೆದಿತ್ತು. ನನ್ನ ಮಗಳು ಕಲ್ಲು ಆರಿಸುವ ಹುಡುಗಿ. ಎರಡು ವರ್ಷದಿಂದ ಹೋದಲ್ಲೆಲ್ಲ ಕಲ್ಲು ಆರಿಸಿ ತಂದು, ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು ಅಂತ ಚೀಟಿ ಅಂಟಿಸಿ ಇಟ್ಟಿದ್ದಾಳೆ. ಈ ದಿನಕ್ಕಾಗಿ ಅವಳು ಮೂರು ವಾರ ಕಾದಿದ್ದಳು.

ಕೌಂಟರ್‌ನಲ್ಲಿದ್ದವರು ಮೊದಲು ಕೇಳಿದ್ದು, 'ಯಾವ ಶಾಲೆ?'

ಮನೆಯಲ್ಲಿ ಕಲಿಯುವ ಮಕ್ಕಳು ಎಂದೆ. ಅವರು ಒಳಗೆ ಹೋಗಿ ಯಾರನ್ನೋ ಕೇಳಿಕೊಂಡು ಬಂದರು. ಕಾರ್ಯಾಗಾರ ಶಾಲೆಗಳಿಗೆ ಮಾತ್ರ, ಮುಖ್ಯೋಪಾಧ್ಯಾಯರ ಸಹಿ, ಸೀಲು ಇರುವ ಪತ್ರ ಬೇಕು, ನಮಗಿಂತ ದೊಡ್ಡ ಗುಂಪು ಇರಬೇಕು ಎಂದರು. ಅವರು ಒರಟಾಗಿ ಮಾತಾಡಲಿಲ್ಲ. ನಿಜ ಹೇಳಬೇಕೆಂದರೆ ಅವರಿಗೂ ಬೇಜಾರಾಗಿತ್ತು. ಆ ನಿಯಮ ಮಾಡಿದವರು ಅವರಲ್ಲವಲ್ಲ.

ಕಾರ್ಯಾಗಾರದ ಕೋಣೆಗೆ ಗಾಜಿನ ಗೋಡೆ. ಒಳಗೆ 30 ಸ್ಟೂಲ್ ಹಾಕಿದ್ದರು. ಅವತ್ತು ಬಂದಿದ್ದ ಶಾಲೆಯ ಮಕ್ಕಳು 17 ಜನ. ನನ್ನ ಮಗನೇ ಎಣಿಸಿ ಹೇಳಿದ. 'ಅಮ್ಮಾ, ಇನ್ನೂ 13 ಖಾಲಿ ಇವೆ. ನಾವು 9 ಜನ ಕೂತರೂ 4 ಉಳಿಯುತ್ತವೆ ಅಲ್ವಾ?' ಅವನ ಲೆಕ್ಕ ಸರಿಯಾಗಿತ್ತು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮಕ್ಕಳು ಗಾಜಿಗೆ ಮೂಗು ಒತ್ತಿ ಒಂದು ಗಂಟೆ ನಿಂತು ನೋಡಿದರು. ಆಮೇಲೆ ಮನೆಗೆ ಬಂದೆವು.

ಅದೇ ಮ್ಯೂಸಿಯಂನ ಮೊಗಸಾಲೆಯಲ್ಲಿ ಮೇರಿ ಆ್ಯನಿಂಗ್ ಅವರ ದೊಡ್ಡ ಚಿತ್ರ ತೂಗುಹಾಕಿದ್ದಾರೆ. ಅವರ ಕಥೆ ನಿಮಗೆ ಗೊತ್ತಿರುವುದೇ. ಆದರೂ ಇಲ್ಲಿ ಹೇಳುತ್ತೇನೆ, ಏಕೆಂದರೆ ಮಗಳು ಆ ಚಿತ್ರದ ಮುಂದೆ ನಿಂತು ಕೇಳಿದ ಪ್ರಶ್ನೆಯೇ ಈ ಪತ್ರ ಬರೆಸಿತು. ಮೇರಿ ಹುಟ್ಟಿದ್ದು 1799ರಲ್ಲಿ, ಇಂಗ್ಲೆಂಡಿನ ಲೈಮ್ ರೀಜಿಸ್ ಎಂಬ ಕಡಲತೀರದ ಊರಿನಲ್ಲಿ. ಅಪ್ಪ ಬಡಗಿ. ಬಡವರ ಮನೆ. ಚರ್ಚಿನ ಭಾನುವಾರದ ಶಾಲೆಯಲ್ಲಿ ಓದು ಬರಹ ಕಲಿತದ್ದು ಬಿಟ್ಟರೆ ಹೇಳಿಕೊಳ್ಳುವಂಥ ಶಾಲೆಯನ್ನು ಆಕೆ ಕಾಣಲಿಲ್ಲ. ಆದರೆ ಅಪ್ಪ ಮಕ್ಕಳನ್ನು ಕಡಲಂಚಿನ ಬಂಡೆಗಳ ಬಳಿಗೆ ಕರೆದುಕೊಂಡು ಹೋಗುತ್ತಿದ್ದರು. ಸುರುಳಿ ಚಿಪ್ಪಿನ ಕಡಲಜೀವಿಯ ಪಳೆಯುಳಿಕೆಗಳಾದ ಅಮೊನೈಟ್‌ಗಳನ್ನು ಹುಡುಕುವುದು, ಬಿಡಿಸುವುದು, ತೊಳೆದು ಮಾರುವುದು, ಇದೇ ಆ ಮಕ್ಕಳಿಗೆ ಪಾಠ. 1811ರಲ್ಲಿ ಅಣ್ಣ ಜೋಸೆಫ್ ಒಂದು ವಿಚಿತ್ರ ತಲೆಬುರುಡೆ ಕಂಡುಹಿಡಿದ. ಮುಂದಿನ ವರ್ಷ ಉಳಿದ ಅಸ್ಥಿಪಂಜರವನ್ನು ಮೇರಿ ಹುಡುಕಿದಳು. ಆಗ ಅವಳ ವಯಸ್ಸು 12, 13. ಅದು ಇಕ್ತಿಯೊಸಾರ್ ಎಂಬ ಕಡಲ ಸರೀಸೃಪ. ಆ ತಲೆಬುರುಡೆ ಇವತ್ತು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿದೆ.

ಮಗಳು ಕೇಳಿದ್ದು ಇಷ್ಟೇ: 'ಇವಳು ಈಗ ಬಂದಿದ್ದರೆ ಇವಳನ್ನೂ ಯಾವ ಶಾಲೆ ಅಂತ ಕೇಳ್ತಿದ್ರಾ?'

ಮಾನ್ಯರೇ, ಇದು ಚುಚ್ಚು ಮಾತಲ್ಲ. ಹನ್ನೊಂದು ವರ್ಷದ ಹುಡುಗಿಗೆ ನಿಜವಾಗಿಯೂ ಅರ್ಥವಾಗದ ಸಂಗತಿ. ನಿಮ್ಮ ಕಪಾಟುಗಳಲ್ಲಿ ಇರುವ ಎಷ್ಟೋ ವಸ್ತುಗಳನ್ನು ತಂದುಕೊಟ್ಟವರು ಹವ್ಯಾಸಿಗಳು. ಹುಳು ಹಿಡಿದವರು, ಕಲ್ಲು ಆರಿಸಿದವರು, ಎಲೆ ಒಣಗಿಸಿ ಅಂಟಿಸಿದವರು. ಆಂಟನಿ ವಾನ್ ಲೀವೆನ್‌ಹುಕ್ ಬಟ್ಟೆ ವ್ಯಾಪಾರಿ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರಲ್ಲ. ಮಸೂರಗಳನ್ನು ತಾವೇ ಮಾಡಿಕೊಂಡು ನೀರಿನ ಹನಿಯಲ್ಲಿ ಪುಟ್ಟ ಜೀವಿಗಳನ್ನು ಕಂಡು 1676ರಲ್ಲಿ ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಗೆ ಕಾಗದ ಬರೆದರು. ಸೊಸೈಟಿಯವರಿಗೆ ನಂಬಿಕೆ ಬರಲಿಲ್ಲ. ಆದರೆ ಬರೆದವನು ಓದಿದವನಲ್ಲ ಅಂತ ಅವರು ಆ ಕಾಗದವನ್ನು ಪಕ್ಕಕ್ಕಿಡಲಿಲ್ಲ. 1677ರಲ್ಲಿ ಸೊಸೈಟಿಯ ವಿಜ್ಞಾನಿ ರಾಬರ್ಟ್ ಹುಕ್ ತಾವೇ ಪ್ರಯೋಗ ಮಾಡಿ ನೋಡಿದರು, ಸೊಸೈಟಿಗೂ ತೋರಿಸಿದರು. ಆ ಜೀವಿಗಳು ನಿಜಕ್ಕೂ ಅಲ್ಲಿದ್ದವು.

ಇನ್ನೊಂದು ಸಂಗತಿ ಗ್ರಂಥಾಲಯದ್ದು. ಮಗಳಿಗೆ ಮಕ್ಕಳ ಕಾರ್ಡ್ ಮಾಡಿಸಲು ಹೋದೆ. ಅರ್ಜಿಯನ್ನು ಕಂಪ್ಯೂಟರ್‌ನಲ್ಲಿ ತುಂಬಬೇಕು. 'ಶಾಲೆಯ ಹೆಸರು' ಎನ್ನುವಲ್ಲಿ ಒಂದು ಪಟ್ಟಿ ಬರುತ್ತದೆ. ಅದರಲ್ಲಿ ಒಂದನ್ನು ಆರಿಸದಿದ್ದರೆ ಅರ್ಜಿ ಮುಂದಕ್ಕೆ ಹೋಗುವುದೇ ಇಲ್ಲ. 'ಇತರೆ' ಅಂತ ಕೂಡ ಇಲ್ಲ. ಅಲ್ಲಿದ್ದ ಸಿಬ್ಬಂದಿ ಒಳ್ಳೆಯ ಮನಸ್ಸಿನಿಂದಲೇ ಒಂದು ದಾರಿ ಹೇಳಿದರು. 'ಸುಮ್ನೆ ಹತ್ತಿರದ ಯಾವುದಾದರೂ ಶಾಲೆ ಹಾಕಿಬಿಡಿ, ಯಾರು ನೋಡ್ತಾರೆ?' ಮಗಳು ನನ್ನ ಮುಖ ನೋಡಿದಳು. 'ಅದು ಸುಳ್ಳಾಗಲ್ವಾ ಅಮ್ಮಾ?' ನಾವು ಅರ್ಜಿ ಹಾಕದೆ ಬಂದೆವು. ಈಗ ಅವಳು ನನ್ನ ಕಾರ್ಡಿನಲ್ಲೇ ಪುಸ್ತಕ ತರುತ್ತಾಳೆ. ಆದರೆ ರಜಾದಿನದ ಓದಿನ ಕಾರ್ಯಕ್ರಮಕ್ಕೆ ಸ್ವಂತ ಕಾರ್ಡ್ ಇದ್ದವರಿಗೆ ಮಾತ್ರ ಪ್ರವೇಶ. ಹಾಗಾಗಿ ಅದೂ ತಪ್ಪಿತು. ಚಿತ್ರ ಸ್ಪರ್ಧೆ, ವಿಜ್ಞಾನ ಮಾದರಿ ಸ್ಪರ್ಧೆಗಳ ಕಥೆಯೂ ಇದೇ. ಎಲ್ಲದಕ್ಕೂ ಮುಖ್ಯೋಪಾಧ್ಯಾಯರ ಸಹಿ.

ಮನೆಯಲ್ಲಿ ಕಲಿಯುವುದು ಅಂದರೆ ಏನು ಅಂತ ನಿಮ್ಮಲ್ಲಿ ಅನೇಕರಿಗೆ ಹತ್ತಿರದಿಂದ ನೋಡುವ ಅವಕಾಶ ಸಿಕ್ಕಿರಲಿಕ್ಕಿಲ್ಲ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅಡುಗೆಮನೆಯ ಮೇಜಿನ ಮೇಲೆ ಪಠ್ಯಪುಸ್ತಕ ಹರಡಿ ನಾನು ಟೀಚರ್ ಆಗಿ ಕೂರುತ್ತೇನೆ ಅಂತ ಜನ ಅಂದುಕೊಳ್ಳುತ್ತಾರೆ. ಮೊದಲ ಆರು ತಿಂಗಳು ಹಾಗೆಯೇ ಮಾಡಿದೆ. ಮೂವರಿಗೂ ಸುಖ ಇರಲಿಲ್ಲ. ಆಮೇಲೆ ಒಂದು ದಿನ ಮಗ ಕಿಟಕಿಯ ಕಂಬಿಗೆ ದಾರ ಕಟ್ಟಿ, ತುದಿಗೆ ಕಲ್ಲು ಕಟ್ಟಿ ತೂಗುತ್ತಾ ಕೂತಿದ್ದ. ಭಾರದ ಕಲ್ಲು ಬೇಗ ತೂಗುತ್ತದೆ ಅಂತ ಅವನ ವಾದ. ಇಲ್ಲ ಅಂತ ಅಕ್ಕನ ವಾದ. ಗಡಿಯಾರ ತಂದು ಹತ್ತು ಸಲ ತೂಗುವುದಕ್ಕೆ ಎಷ್ಟು ಹೊತ್ತು ಬೇಕು ಅಂತ ಬರೆದುಕೊಂಡರು. ಕಲ್ಲು ಬದಲಿಸಿದರು, ಸಮಯ ಬದಲಾಗಲಿಲ್ಲ. ದಾರ ಬದಲಿಸಿದರು, ಬದಲಾಯಿತು. ಒಂದು ಮೀಟರ್ ದಾರ ಹೋಗಿ ಬರಲು ಸುಮಾರು 2 ಸೆಕೆಂಡ್. ಅದನ್ನು 1 ಸೆಕೆಂಡಿಗೆ ಇಳಿಸಲು ದಾರವನ್ನು ಅರ್ಧ ಮಾಡಿದರೆ ಸಾಕು ಅಂತ ಇಬ್ಬರೂ ಅಂದುಕೊಂಡಿದ್ದರು. ಸಾಕಾಗಲಿಲ್ಲ. ಕಾಲು ಭಾಗಕ್ಕೆ, 25 ಸೆಂಟಿಮೀಟರ್‌ಗೆ ಇಳಿಸಬೇಕಾಯಿತು. ಎರಡು ದಿನ ಬೇರೇನೂ ನಡೆಯಲಿಲ್ಲ ಮನೆಯಲ್ಲಿ. ವರ್ಗಮೂಲ ಎಂಬ ಪದವನ್ನು ನಾನು ಮಗಳಿಗೆ ಹೇಳಿಕೊಟ್ಟದ್ದು ಆಮೇಲೆ. ಅಷ್ಟರಲ್ಲಿ ಅವಳಿಗೆ ಆ ಪದ ಬೇಕಾಗಿತ್ತು.

ಅಲ್ಲಿಂದ ನಾವು ಹೊರಗೆ ಹೋಗಲು ಶುರು ಮಾಡಿದೆವು. ಒಂದು ಮೀಟರ್ ಕೋಲಿನ ನೆರಳನ್ನೂ ಮರದ ನೆರಳನ್ನೂ ಅಳೆದು ಮರದ ಎತ್ತರ ಹೇಳುವುದು. ಸೈಕಲ್ ಬಿಚ್ಚಿ, ಮುಂದಿನ ಚಕ್ರದಲ್ಲಿ 44 ಹಲ್ಲು, ಹಿಂದಿನದರಲ್ಲಿ 22 ಹಲ್ಲು, ಹಾಗಾದರೆ ಪೆಡಲ್ ಒಂದು ಸುತ್ತು ಬಂದರೆ ಗಾಲಿ ಎಷ್ಟು ಸುತ್ತು ಅಂತ ನೋಡುವುದು. ಒಂದು ತಿಂಗಳು ದಿನಾ ಚಂದ್ರ ಹುಟ್ಟುವ ಹೊತ್ತು ಬರೆದಿಟ್ಟು, ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ ಅಂತ ತಾವೇ ಕಂಡುಕೊಳ್ಳುವುದು. ಕಂಬಳಿಹುಳುವನ್ನು ಅದು ತಿನ್ನುವ ಗಿಡದ ಎಲೆಯ ಸಮೇತ ತಂದು ಸಾಕುವುದು. ಚಿಟ್ಟೆ ಹೊರಬಂದ ದಿನ ಮಗ ತಿಂಡಿಯನ್ನೂ ಮುಟ್ಟಲಿಲ್ಲ. ರೆಕ್ಕೆ ಮುದುಡಿತ್ತು. ಅದಕ್ಕೆ ಏನೋ ಆಗಿದೆ ಅಂತ ಅಳಲು ಶುರು ಮಾಡಿದ. ಕಾದು ನೋಡು ಎಂದೆ. ಚಿಟ್ಟೆ ತಲೆಕೆಳಗಾಗಿ ನೇತುಬಿದ್ದು ಮೈಯೊಳಗಿನ ದ್ರವವನ್ನು ರೆಕ್ಕೆಯ ನರಗಳಿಗೆ ತಳ್ಳಿತು. ರೆಕ್ಕೆ ನಿಧಾನವಾಗಿ ಅರಳಿತು. ಮಗ ಆವತ್ತು ಕಲಿತದ್ದು ಕೀಟಶಾಸ್ತ್ರ ಮಾತ್ರ ಅಲ್ಲ ಅಂತ ನನಗೆ ಅನಿಸುತ್ತದೆ. ಸಹಾಯ ಮಾಡಲು ಕೈ ಹಾಕದೆ ಸುಮ್ಮನೆ ಕಾಯುವುದು ಅಷ್ಟು ಸಣ್ಣ ವಯಸ್ಸಿಗೆ ತುಂಬಾ ಕಷ್ಟ.

ಆದರೆ ಮನೆಯಲ್ಲಿ ಎಲ್ಲವೂ ಇರುವುದಿಲ್ಲ. ಇದನ್ನು ನಾನು ಒಪ್ಪುತ್ತೇನೆ. ಒಳ್ಳೆಯ ಮೈಕ್ರೋಸ್ಕೋಪ್ ಇಲ್ಲ. ಪಳೆಯುಳಿಕೆ ಇಲ್ಲ. ಅದನ್ನು ನೋಡಿ ಇದು ಯಾವ ಕಾಲದ್ದು ಅಂತ ಹೇಳಬಲ್ಲ ವ್ಯಕ್ತಿ ಇಲ್ಲ. ಮಗಳ ಪ್ರಶ್ನೆಗಳು ನನ್ನ ತಿಳಿವಳಿಕೆಯನ್ನು ದಾಟಿ ಹೋಗಿ ಒಂದು ವರ್ಷವಾಯಿತು. ಅವಳಿಗೆ ಈಗ ಬೇಕಾಗಿರುವುದು ನಿಮ್ಮ ಸಂಗ್ರಹ, ನಿಮ್ಮ ಜನ. ಮನೆಪಾಠ ಆರಿಸಿಕೊಂಡ ಪ್ರತಿ ತಂದೆ ತಾಯಿಗೂ ಈ ಹಂತ ಬರುತ್ತದೆ. ಆಗ ನಿಮ್ಮ ಬಾಗಿಲು ತೆರೆದಿದ್ದರೆ ಮಗು ಮುಂದಕ್ಕೆ ಹೋಗುತ್ತದೆ. ಮುಚ್ಚಿದ್ದರೆ ಅಲ್ಲೇ ನಿಲ್ಲುತ್ತದೆ.

ಬಾಗಿಲು ತೆರೆದರೆ ಏನಾಗುತ್ತದೆ ಅಂತಲೂ ನಾವು ನೋಡಿದ್ದೇವೆ. ಒಂದು ಸಸ್ಯೋದ್ಯಾನದಲ್ಲಿ ಕಸಿ ಕಟ್ಟುತ್ತಿದ್ದ ಹಿರಿಯ ಮಾಲಿಯೊಬ್ಬರು ನಮ್ಮ ಮಕ್ಕಳು ದೂರದಿಂದ ನೋಡುತ್ತಿದ್ದುದನ್ನು ಕಂಡು ಹತ್ತಿರ ಕರೆದರು. ಸಿಪ್ಪೆಯ ಕೆಳಗಿನ ಹಸಿರು ಪದರ ತೋರಿಸಿದರು. ಆ ಗಿಡದ್ದೂ ಈ ಗಿಡದ್ದೂ ಹಸಿರು ಪದರ ಒಂದಕ್ಕೊಂದು ತಾಗಿ ಕೂರಬೇಕು, ಇಲ್ಲದಿದ್ದರೆ ಕಸಿ ಹಿಡಿಯುವುದಿಲ್ಲ ಎಂದರು. ಮಗಳ ಕೈಗೆ ಚಾಕು ಕೊಟ್ಟು ಒಂದು ಕಸಿ ಕಟ್ಟಿಸಿದರು. ಅದು ವಾರದ ದಿನ, ಬೆಳಿಗ್ಗೆ. ಇಡೀ ಉದ್ಯಾನದಲ್ಲಿ ಬೇರೆ ಯಾರೂ ಇರಲಿಲ್ಲ. ನಾವು ಎರಡು ವಾರಕ್ಕೊಮ್ಮೆ ಹೋಗಿ ಆ ಕಸಿ ನೋಡಿದೆವು. ಚಿಗುರು ಬಂತು. ಅವರು ನಮ್ಮನ್ನು ಯಾವ ಶಾಲೆ ಅಂತ ಕೇಳಲೇ ಇಲ್ಲ.

ನಿಮ್ಮ ಕಡೆಯ ಕಷ್ಟಗಳೂ ನನಗೆ ಗೊತ್ತು. ಶಾಲೆ ಅಂದರೆ ಜೊತೆಗೆ ಜವಾಬ್ದಾರಿ ಹೊರುವ ಶಿಕ್ಷಕರು ಇರುತ್ತಾರೆ. ಒಂದೇ ವಯಸ್ಸಿನ ಮಕ್ಕಳಿಗೆ ಪಾಠ ತಯಾರು ಮಾಡುವುದು ಸುಲಭ. ಒಬ್ಬೊಬ್ಬರೇ ಬಂದರೆ ಸಿಬ್ಬಂದಿ ಎಲ್ಲಿಂದ ತರುವುದು? ಇವು ನ್ಯಾಯವಾದ ಪ್ರಶ್ನೆಗಳು. ಆದರೆ ಇವುಗಳಿಗೆ ಉತ್ತರ ಇದೆ. ನಮ್ಮ ಮಕ್ಕಳ ಜೊತೆ ತಂದೆ ತಾಯಿ ಇರುತ್ತಾರೆ. 9 ಮಕ್ಕಳಿಗೆ ಅವತ್ತು ನಾವು 5 ಜನ ದೊಡ್ಡವರಿದ್ದೆವು. ವಯಸ್ಸು ಬೇರೆ ಬೇರೆ ಇರುವುದು ತೊಂದರೆಯಲ್ಲ. ದೊಡ್ಡ ಮಕ್ಕಳು ಚಿಕ್ಕವರಿಗೆ ತೋರಿಸಿಕೊಡುತ್ತಾರೆ. ಬಂದವರ ಹೆಸರು, ಫೋನ್ ನಂಬರ್ ಬರೆಸಿಕೊಳ್ಳಿ, ಒಪ್ಪಿಗೆ ಪತ್ರಕ್ಕೆ ಸಹಿ ಕೇಳಿ. ಎಲ್ಲಕ್ಕೂ ಸಿದ್ಧ.

ಒಂದು ಮಾತನ್ನು ಮುಚ್ಚಿಡಬಾರದು. ಮನೆಯಲ್ಲಿ ಕಲಿಸುತ್ತೇವೆ ಅಂತ ಹೇಳಿ ಏನನ್ನೂ ಕಲಿಸದ, ಮಕ್ಕಳನ್ನು ಯಾರ ಕಣ್ಣಿಗೂ ಬೀಳದಂತೆ ಇಡುವ ಮನೆಗಳೂ ಇರುತ್ತವೆ. ಆ ಭಯ ಸುಳ್ಳಲ್ಲ. ಈ ವಿಷಯದಲ್ಲಿ ದೇಶ ದೇಶಕ್ಕೂ ಕಾನೂನು ಬೇರೆ. ಜರ್ಮನಿಯಲ್ಲಿ ಮಗು ಶಾಲೆಗೆ ಹೋಗಲೇಬೇಕು. ಇಂಗ್ಲೆಂಡಿನ 1996ರ ಶಿಕ್ಷಣ ಕಾಯ್ದೆಯ ಪ್ರಕಾರ ಮಗುವಿಗೆ ಶಿಕ್ಷಣ ಕೊಡಿಸಲೇಬೇಕು, ಅದು ಶಾಲೆಯಲ್ಲೂ ಆಗಬಹುದು, ಬೇರೆ ರೀತಿಯಲ್ಲೂ ಆಗಬಹುದು. ಅಮೆರಿಕದ 50 ರಾಜ್ಯಗಳಲ್ಲೂ ಮನೆಪಾಠಕ್ಕೆ ಅವಕಾಶವಿದೆ, ಆದರೆ ಒಂದೊಂದು ರಾಜ್ಯದ ನಿಯಮ ಒಂದೊಂದು ಥರ. ಯಾವುದು ಸರಿ ಎಂಬ ಚರ್ಚೆ ನಡೆಯಲಿ, ಅಧಿಕಾರಿಗಳು ನಮ್ಮ ಮನೆಗೆ ಬಂದು ನೋಡಲಿ, ನನಗೆ ಆಕ್ಷೇಪವಿಲ್ಲ. ಆದರೆ ಮಕ್ಕಳು ಕಣ್ಮರೆಯಾಗಬಾರದು ಎನ್ನುವುದೇ ಕಾಳಜಿಯಾದರೆ ಅವರು ನಾಲ್ಕು ಜನರ ಮಧ್ಯೆ ಬರುವ ಜಾಗಗಳನ್ನು ನಾವು ಹೆಚ್ಚಿಸಬೇಕು. ಲೈಬ್ರರಿಯವರಿಗೆ ಮಗುವಿನ ಹೆಸರು ಗೊತ್ತಿರುವುದು, ಮ್ಯೂಸಿಯಂನ ಮಾರ್ಗದರ್ಶಕರಿಗೆ ಅದರ ಮುಖಪರಿಚಯ ಇರುವುದು, ಆ ಮಗುವಿಗೆ ಎಷ್ಟು ದೊಡ್ಡ ರಕ್ಷಣೆ! ನಿಮ್ಮ ಬಾಗಿಲಿನಿಂದ ವಾಪಸ್ ಕಳಿಸಿದ ಮಗು ಮನೆಯೊಳಗೇ ಉಳಿಯುತ್ತದೆ.

ಮತ್ತೆ, ಇದು ನಮ್ಮಂಥವರ ಮಕ್ಕಳ ಪ್ರಶ್ನೆ ಮಾತ್ರವೂ ಅಲ್ಲ. ಕಾಯಿಲೆಯಿಂದ ಒಂದು ವರ್ಷ ಶಾಲೆ ತಪ್ಪಿದ ಮಗು ಇದೆ. ಕೆಲಸಕ್ಕಾಗಿ ಊರೂರು ಅಲೆಯುವವರ ಮಕ್ಕಳಿದ್ದಾರೆ. ಶಾಲೆಯಲ್ಲಿ ಸಹಪಾಠಿಗಳ ಕಾಟ ತಡೆಯಲಾರದೆ ಬಿಟ್ಟುಬಂದ ಹುಡುಗ ನಮ್ಮ ಗುಂಪಿನಲ್ಲೇ ಇದ್ದಾನೆ. ಅವನು ಅವತ್ತು ಕೌಂಟರ್‌ನಲ್ಲಿ 'ಯಾವ ಶಾಲೆ?' ಎಂಬ ಪ್ರಶ್ನೆ ಕಿವಿಗೆ ಬಿದ್ದ ಕೂಡಲೇ ಅಮ್ಮನ ಹಿಂದೆ ಹೋಗಿ ನಿಂತುಬಿಟ್ಟ.

ನಾನು ದಯೆ ಕೇಳುತ್ತಿಲ್ಲ. ನಿಮ್ಮ ಸಂಸ್ಥೆಗಳೇ ಕೊಟ್ಟ ಮಾತನ್ನು ನೆನಪಿಸುತ್ತಿದ್ದೇನೆ. ಮಕ್ಕಳ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 1989ರಲ್ಲಿ ಮಾಡಿದ ಒಡಂಬಡಿಕೆಯ 31ನೇ ವಿಧಿ, ಆಡುವುದಕ್ಕೂ ಕಲೆ ಮತ್ತು ಸಾಂಸ್ಕೃತಿಕ ಬದುಕಿನಲ್ಲಿ ಭಾಗವಹಿಸುವುದಕ್ಕೂ ಮಗುವಿಗೆ ಹಕ್ಕಿದೆ ಎನ್ನುತ್ತದೆ. ಮಗುವಿಗೆ ಎನ್ನುತ್ತದೆ, ವಿದ್ಯಾರ್ಥಿಗೆ ಎನ್ನುವುದಿಲ್ಲ. 1994ರ ಯುನೆಸ್ಕೊ ಸಾರ್ವಜನಿಕ ಗ್ರಂಥಾಲಯ ಪ್ರಣಾಳಿಕೆ ಗ್ರಂಥಾಲಯದ ಕೆಲಸಗಳನ್ನು ಹೇಳುವಾಗ ಶಾಲಾ ಶಿಕ್ಷಣದ ಜೊತೆಗೆ ಸ್ವಂತವಾಗಿ ಕಲಿಯುವವರಿಗೆ ನೆರವಾಗುವುದನ್ನೂ ಸೇರಿಸಿದೆ. ಅಂತರರಾಷ್ಟ್ರೀಯ ಮ್ಯೂಸಿಯಂ ಮಂಡಳಿ 2022ರ ಆಗಸ್ಟ್‌ನಲ್ಲಿ ಪ್ರಾಗ್ ನಗರದಲ್ಲಿ ಒಪ್ಪಿದ ಹೊಸ ವ್ಯಾಖ್ಯೆಯ ಪ್ರಕಾರ ಮ್ಯೂಸಿಯಂ ಎಲ್ಲರಿಗೂ ತೆರೆದಿರಬೇಕು, ಎಲ್ಲರನ್ನೂ ಒಳಗೊಳ್ಳಬೇಕು. ಇಷ್ಟು ದೊಡ್ಡ ಮಾತುಗಳು ಒಂದು ಅರ್ಜಿಯ ಒಂದು ಅಂಕಣದ ಮುಂದೆ ಬಂದು ನಿಂತುಹೋಗಬಾರದು ಅಲ್ವಾ?

ಹೊರಗಿನ ಜಗತ್ತು ಇದನ್ನು ಆಗಲೇ ಮಾಡಿ ತೋರಿಸಿದೆ. ಹಕ್ಕಿ ನೋಡುವವರು ತಾವು ಕಂಡದ್ದನ್ನು ದಾಖಲಿಸುವ ಇಬರ್ಡ್ ಎಂಬ ಜಾಲತಾಣ 2002ರಿಂದ ನಡೆಯುತ್ತಿದೆ. ನನ್ನ ಖಾತೆಯಿಂದ ಮಗಳು ಅಲ್ಲಿಗೆ ಪಟ್ಟಿ ಕಳಿಸುತ್ತಾಳೆ. ಎಲ್ಲಿ ನೋಡಿದೆ, ಎಷ್ಟು ಹೊತ್ತಿಗೆ, ಎಷ್ಟು ಹಕ್ಕಿ, ಎಷ್ಟು ಹೊತ್ತು ನಡೆದೆ ಅಂತ ಅದು ಕೇಳುತ್ತದೆ. ವಿಜ್ಞಾನಕ್ಕೆ ಬೇಕಾದ ಪ್ರಶ್ನೆಗಳು ಅವು. ಒಮ್ಮೆ ಅವಳು ಬರೆದ ಹಕ್ಕಿಯ ಹೆಸರು ಆ ಜಾಗಕ್ಕೆ, ಆ ಕಾಲಕ್ಕೆ ಅಪರೂಪವಾಗಿತ್ತು. ಇನ್ನಷ್ಟು ವಿವರ ಕೊಡಿ ಅಂತ ಇಬರ್ಡ್‌ನವರು ಕೇಳಿದರು. ಮಗಳು ಕೂತು ಯೋಚಿಸಿದಳು. ಕೊಕ್ಕನ್ನು ತಾನು ಸರಿಯಾಗಿ ನೋಡಿರಲಿಲ್ಲ ಅಂತ ಒಪ್ಪಿಕೊಂಡು ಅದನ್ನು ತೆಗೆದಳು. ಅಂಥ ಪ್ರಶ್ನೆಗಳನ್ನು ನೀವೂ ಕೇಳಿ. ಅವಳನ್ನು ಕಠಿಣವಾಗಿ ಪರೀಕ್ಷಿಸಿ. ಅದರಿಂದ ಅವಳು ಬೆಳೆಯುತ್ತಾಳೆ.

ಈಗ ನನ್ನ ಕೋರಿಕೆಗಳು. ಮೊದಲನೆಯದು ತೀರಾ ಸುಲಭ, ಇವತ್ತೇ ಆಗುವಂಥದ್ದು. ನಿಮ್ಮ ಅರ್ಜಿಗಳಲ್ಲಿ ಶಾಲೆಯ ಹೆಸರು ಕಡ್ಡಾಯ ಎನ್ನುವುದನ್ನು ತೆಗೆಯಿರಿ. ಅಥವಾ 'ಮನೆಯಲ್ಲಿ ಕಲಿಯುವ ಮಗು' ಎಂಬ ಒಂದು ಆಯ್ಕೆ ಸೇರಿಸಿ. ಮುಖ್ಯೋಪಾಧ್ಯಾಯರ ಸಹಿ ಬೇಕಾದ ಕಡೆ ತಂದೆ ತಾಯಿ ಅಥವಾ ಪೋಷಕರ ಸಹಿಯನ್ನೂ ಒಪ್ಪಿಕೊಳ್ಳಿ. ಮಕ್ಕಳು ಸುಳ್ಳು ಬರೆದು ಒಳಗೆ ಬರುವ ಸ್ಥಿತಿ ಬೇಡ.

ಶಾಲೆಗಳಿಗೆ ಕಾಯ್ದಿರಿಸಿದ ಕಾರ್ಯಾಗಾರಗಳಲ್ಲಿ ಒಂದು ವಾರ ಮೊದಲೂ ಜಾಗ ಉಳಿದಿದ್ದರೆ ಅದನ್ನು ಉಳಿದ ಮಕ್ಕಳಿಗೆ ಬಿಡಿ. ಶಾಲೆಗಳ ಪಾಲಿನಿಂದ ಒಂದು ಸ್ಟೂಲನ್ನೂ ನಾವು ಕೇಳುತ್ತಿಲ್ಲ. ಸಾಧ್ಯವಾದರೆ ತಿಂಗಳಿಗೆ ಒಂದು ಬೆಳಿಗ್ಗೆ, ಜನ ಇಲ್ಲದ ದಿನ ನೋಡಿ, ಬೇರೆ ಬೇರೆ ವಯಸ್ಸಿನ ಮಕ್ಕಳ ಸಣ್ಣ ಗುಂಪಿಗೆ ಕೊಡಿ. 8, 10 ಮಕ್ಕಳು ಸಾಕು. ಹಣ ಕಟ್ಟಬೇಕೆಂದರೆ ಶಾಲೆಯ ಮಕ್ಕಳಷ್ಟೇ ಕಟ್ಟುತ್ತೇವೆ. ನಮ್ಮ ಗುಂಪಿನಲ್ಲಿ ಒಬ್ಬರು ಬಡಗಿ ಕೆಲಸ ಬಲ್ಲವರು, ಒಬ್ಬರು ನರ್ಸ್, ಒಬ್ಬರಿಗೆ ರೇಡಿಯೊ ರಿಪೇರಿ ಗೊತ್ತು. ನಿಮ್ಮ ಕಾರ್ಯಾಗಾರಗಳಲ್ಲಿ ಸ್ವಯಂಸೇವಕರಾಗಿ ನಿಲ್ಲಲು ಇವರೆಲ್ಲ ತಯಾರಿದ್ದಾರೆ, ಶಾಲೆಯ ಮಕ್ಕಳು ಬಂದ ದಿನವೂ ಕೂಡ.

ಇನ್ನೊಂದು ಕೋರಿಕೆ ನಿಮ್ಮ ತಜ್ಞರಿಗೆ. ತಿಂಗಳಲ್ಲಿ ಒಂದು ಗಂಟೆ ಮಕ್ಕಳು ತಾವು ಆರಿಸಿದ ಕಲ್ಲು, ಗರಿ, ಹುಳು, ಬೀಜಗಳನ್ನು ತಂದು ತೋರಿಸಲು ಬಿಡಿ. ಶಾಲೆಗೆ ಹೋಗುವ ಮಕ್ಕಳೂ ಬರಲಿ. ಬಲ್ಲವರೊಬ್ಬರು ತನ್ನ ಕಲ್ಲನ್ನು ಕೈಗೆ ತೆಗೆದುಕೊಂಡು, ಬೆಳಕಿಗೆ ಹಿಡಿದು, ಇದು ಇಂಥದ್ದು ಅಂತ ಹೇಳಿದ ಆ ಒಂದು ನಿಮಿಷ ಮಗುವಿನ ಮನಸ್ಸಿನಲ್ಲಿ ತುಂಬಾ ವರ್ಷ ಇರುತ್ತದೆ.

ಮಗಳ ಪೆಟ್ಟಿಗೆಯಲ್ಲಿ 64ನೇ ಚೀಟಿಯ ಕಲ್ಲೊಂದಿದೆ. ಒಂದು ಬದಿಯಲ್ಲಿ ಬೀಸಣಿಗೆಯಂಥ ಗೆರೆಗಳಿವೆ. ಚಿಪ್ಪಿನ ಗುರುತು ಇರಬಹುದು ಅಂತ ಅವಳ ಊಹೆ. ಸುಮ್ಮನೆ ಬಿರುಕು ಇರಬಹುದು ಅಂತ ನನ್ನ ಊಹೆ. ನಮ್ಮಿಬ್ಬರಿಗೂ ತಿಳಿಯದು. ಅದನ್ನೇ ಅವತ್ತು ಜೇಬಿನಲ್ಲಿ ಇಟ್ಟುಕೊಂಡು ಬಂದಿದ್ದಳು, ಯಾರಾದರೂ ನೋಡಿ ಹೇಳಿಯಾರು ಅಂತ. ಮುಂದಿನ ಕಾರ್ಯಾಗಾರಕ್ಕೆ ನಾವು ಮತ್ತೆ ಅರ್ಜಿ ಹಾಕುತ್ತೇವೆ. ಶಾಲೆಯ ಹೆಸರು ಕೇಳಿದ ಕಡೆ 'ಮನೆ' ಎಂದು ಬರೆಯುತ್ತೇವೆ. ದಯವಿಟ್ಟು ಆ ಅರ್ಜಿಯನ್ನು ತೆಗೆದುಕೊಳ್ಳಿ.

ವಂದನೆಗಳೊಂದಿಗೆ,
ಮನೆಯಲ್ಲಿ ಕಲಿಯುವ ಇಬ್ಬರು ಮಕ್ಕಳ ತಾಯಿ